ಹೆಚ್ಚುವರಿ ಕೈಗಳು

೯ ಜನವರಿ ೧೯೬೮, ಕೊಳ್ಳೇಗಾಲ

ಕಾಲು ನನ್ನವಲ್ಲ ಅನ್ನಿಸುತ್ತಿದೆ. ಬೆಳಿಗ್ಗೆ ಕಾಲೇಜಿನಲ್ಲಿ ಎರಡು ಪಾಠ, ಆಮೇಲೆ ನೇಕಾರರ ಬೀದಿಯಲ್ಲಿ ಮನೆಮನೆ ಸುತ್ತಾಟ. ನಾನು ಆ ಬೀದಿಗೆ ಕಾಲಿಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಎಲ್ಲ ಜಗಲಿಯ ಮೇಲೂ ಗಂಡಸರು ಕೂತು ಎಲೆಅಡಿಕೆ ಹಾಕುತ್ತಿರುತ್ತಾರೆ. ಒಳಗೆ ಒಂದೊಂದೇ ಮಗ್ಗದ ಸದ್ದು. ಮನೆಗೊಬ್ಬ ನೇಯುತ್ತಾನೆ, ಇಬ್ಬರು ಕೂತಿರುತ್ತಾರೆ. ನಮ್ಮ ಪ್ರೊಫೆಸರ್ ಗುರುಪಾದಸ್ವಾಮಿಯವರ ಸಿದ್ಧಾಂತವನ್ನು ಕಣ್ಣಾರೆ ನೋಡಬೇಕೆಂದರೆ ಈ ಬೀದಿಗೆ ಬರಬೇಕು.

ಸಿದ್ಧಾಂತ ಸರಳ. ಒಂದು ಮನೆಯ ಕೆಲಸಕ್ಕೆ ಇಬ್ಬರು ಸಾಕಾಗಿ ಅಲ್ಲಿ ನಾಲ್ವರಿದ್ದರೆ, ಉಳಿದಿಬ್ಬರದು ಹೆಚ್ಚುವರಿ ಕೈ. ಅವರನ್ನು ಎತ್ತಿ ಕಾರ್ಖಾನೆಗೆ ಹಾಕಿದರೆ ಮನೆಯ ಉತ್ಪನ್ನ ಒಂದು ಎಳೆಯಷ್ಟೂ ಕಡಮೆಯಾಗದು, ದೇಶದ ಉತ್ಪನ್ನ ಹೆಚ್ಚುತ್ತದೆ. ಊರಾಚೆ ರೇಷ್ಮೆ ನೂಲನ್ನು ಹುರಿ ಮಾಡುವ ಕಾರ್ಖಾನೆ ಏಳುತ್ತಿದೆ. ಗೋಡೆ ಮುಗಿದಿದೆ, ಯಂತ್ರ ಬಂದಿದೆ, ಜನ ಬೇಕು. ಯಾವ ಬೀದಿಯಿಂದ ಎಷ್ಟು ಕೈ ಎತ್ತಬಹುದು ಎಂದು ಹೇಳುವುದೇ ನಮ್ಮ ವರದಿ. ವರದಿ ಒಪ್ಪಿಗೆಯಾದರೆ ಪ್ರೊಫೆಸರರು ಮೈಸೂರಿನ ಕಾಯಂ ಹುದ್ದೆಗೆ ನನ್ನನ್ನು ಶಿಫಾರಸು ಮಾಡುತ್ತಾರೆ.

ಆರು ವರ್ಷದಿಂದ ನಾನು ಹಂಗಾಮಿ. ಮಾರ್ಚ್ ಮುಗಿಯುತ್ತಲೇ ಕೆಲಸದಿಂದ ತೆಗೆಯುತ್ತಾರೆ, ಜುಲೈಗೆ ಮತ್ತೆ ಕರೆಯುತ್ತಾರೆ. ನಡುವೆ ಹೊನ್ನೂರಿಗೆ ಹೋಗಿ ಅಣ್ಣನ ಮನೆಯಲ್ಲಿ ಕೂತರೆ ಅತ್ತಿಗೆ ಏನೂ ಅನ್ನುವುದಿಲ್ಲ, ಅದೇ ಕಷ್ಟ. ಕಾಯಂ ಆಗಬೇಕು. ನನಗೆ ಬೇಕಾಗಿರುವುದು ಇದೊಂದೇ.

೧೨ ಜನವರಿ

ಇವತ್ತು ದೇವಣ್ಣನವರ ಮನೆ. ದೇವಣ್ಣನವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಅವರ ತಮ್ಮ ಗುರುಸ್ವಾಮಿ, ಮದುವೆಯಿಲ್ಲದವನು, ಜಗಲಿಯ ಮೇಲಿದ್ದ. ದೇವಣ್ಣನವರ ಹೆಂಡತಿ ವಿಜಯಮ್ಮ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು.

"ನೀವು ಏನು ಕೆಲಸ ಮಾಡುತ್ತೀರಿ?" ಎಂದು ವಿಜಯಮ್ಮನನ್ನು ಕೇಳಿದೆ.

"ನಾನಾ? ನಾನೇನ್ ಮಾಡನವ್ವ, ಮನೇಲೇ ಇವ್ನಿ" ಅಂದರು, ರಾಟೆ ನಿಲ್ಲಿಸದೆ. ನಾನು "ಕೆಲಸವಿಲ್ಲ" ಎಂದು ಬರೆದುಕೊಂಡೆ.

ಹೊರಗೆ ಬಂದಾಗ ಗುರುಸ್ವಾಮಿ ತಡೆದು ನಿಲ್ಲಿಸಿದ. "ಮೇಡಮ್ಮೋರೆ, ಕಾರ್ಖಾನೆಗೆ ಯಾರ್ಯಾರ್ನ ತಕತಾರೆ?"

"ಹೆಚ್ಚುವರಿಯಾಗಿ ಇರುವವರನ್ನು."

"ಅಂಗಂದ್ರೆ?"

ಹೇಗೆ ಹೇಳುವುದು? "ಮನೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಇರುವವರು" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನಿಗೇನೂ ಬೇಸರವಾದ ಹಾಗೆ ಕಾಣಲಿಲ್ಲ.

"ಅಂಗಾರೆ ನನ್ ಎಸ್ರು ಮೊದ್ಲು ಬರ್ಕಳಿ" ಎಂದ. ಒಳಗೆ ಮಗ್ಗದ ಸದ್ದು ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

೨೧ ಜನವರಿ

ಹನೂರು ಕಡೆಯ ಸರ್ವೆ ಮಾಡುತ್ತಿರುವ ಮಂಟೇಸ್ವಾಮಿ ಗೋಪಿನಾಥಂನಿಂದ ಬಂದಿದ್ದ. ಅವನೂ ನನ್ನ ಹಾಗೆ ಹಂಗಾಮಿ, ಆದರೆ ದಣಿವು ಅನ್ನುವುದು ಅವನ ಹತ್ತಿರ ಸುಳಿಯುವುದಿಲ್ಲ. ಅಲ್ಲಿ ಬಸ್ಸಿಗೆ ಕಾದು ಕಾದು ಕೊನೆಗೆ ಬಿದಿರಿನ ಲಾರಿ ಹತ್ತಿ ಬಂದನಂತೆ. ಟೀ ಕುಡಿಯುತ್ತಲೇ ವಾದಕ್ಕೆ ಬಿದ್ದ.

"ಕೈ ಎಷ್ಟಿದ್ರೇನ್ರೀ? ರೇಷ್ಮೆ ಯಾರ್ದು ಅಂತ ಕೇಳಿ. ಸಾವ್ಕಾರ ನೂಲು ಕೊಡ್ತಾನೆ, ಸೀರೆ ತಕತಾನೆ. ಅವ್ನು ನೂಲು ಕೊಡ್ದೆ ಇದ್ದ ದಿವ್ಸ ಬೀದಿಗೆ ಬೀದೀನೇ ಸುಮ್ನೆ ಕೂತ್ಕತದೆ. ನಿಮ್ ಪ್ರೊಫೆಸ್ರು ಅದುಕ್ಕೆ ಹೆಚ್ಚುವರಿ ಅಂತಾರೆ. ನಾನು ಕೈ ಕಟ್ಟಿಹಾಕದು ಅಂತೀನಿ."

"ಹಾಗಾದರೆ ಕಾರ್ಖಾನೆ ಬೇಡವೆ?"

"ಬರ್ಲಿ ಬುಡಿ. ಒಂದೇ ಸೂರಿನಡಿ ಕೂಲಿಯೋರು ಒಟ್ಟಾಗ್ತಾರೆ."

"ಮನೆಯಲ್ಲಿ ರಾಟೆ ಸುತ್ತುವ ಹೆಂಗಸರು?"

"ಅದು ಮನೆಗೆಲ್ಸ ಕಣ್ರಿ, ಉತ್ಪಾದನೆಗೆ ಸೇರಲ್ಲ."

ಪ್ರೊಫೆಸರರೂ ಇವನೂ ಹಾವು ಮುಂಗುಸಿ. ಒಪ್ಪುವುದು ಇದೊಂದು ವಿಷಯದಲ್ಲಿ ಮಾತ್ರ. ನಾನಾದರೂ ಏನು ಹೇಳಲಿ, ನಾನೂ ಹಾಗೆಯೇ ಬರೆದಿದ್ದೇನೆ. ತಲೆನೋವು.

೩ ಫೆಬ್ರವರಿ

ಜ್ವರ. ಬರೆಯುವಂಥದ್ದೇನೂ ಇಲ್ಲ.

೧೭ ಫೆಬ್ರವರಿ

ನನ್ನ ಕೋಣೆಯ ಯಜಮಾನರ ಮಗಳು ಹೆರಿಗೆಗೆ ಬರುತ್ತಾಳೆ, ಜಾಗ ಬಿಡಿ ಅಂದರು. ಎಲ್ಲೂ ಸಿಗಲಿಲ್ಲ. ಕೊನೆಗೆ ದೇವಣ್ಣನವರ ಮನೆಯ ಮುಂದಿನ ಕೋಣೆಯೇ ಗತಿಯಾಯಿತು. ಟ್ರಂಕು, ಸ್ಟೌ, ಎರಡು ಮೂಟೆ ಪುಸ್ತಕ ಹೇರಿಕೊಂಡು ಬಂದೆ. ವಿಜಯಮ್ಮ ಊಟಕ್ಕೆ ಕರೆದರು. ಬೇಡ, ನಾನೇ ಮಾಡಿಕೊಳ್ಳುತ್ತೇನೆ ಎಂದು ಉಪ್ಪಿಟ್ಟು ಕೆದಕಿಕೊಂಡು ತಿಂದೆ. ತಳ ಹಿಡಿದಿತ್ತು.

೧೮ ಫೆಬ್ರವರಿ

ನಸುಕಿನಲ್ಲೇ ಬೀದಿಯಲ್ಲಿ ಗದ್ದಲ. ಯಾರದೋ ಜಗಳವಿರಬೇಕು ಎಂದು ಶಪಿಸಿಕೊಂಡು ಬಾಗಿಲು ತೆಗೆದೆ.

ಜಗಳವಲ್ಲ. ಬೀದಿಯುದ್ದಕ್ಕೂ ರೇಷ್ಮೆ ಎಳೆ. ಒಂದು ಮಗ್ಗಕ್ಕೆ ಏರಿಸಬೇಕಾದ ಹಾಸನ್ನು, ಅಂದರೆ ಉದ್ದದ ಎಳೆಗಳನ್ನೆಲ್ಲ, ಪೂರ್ತಿ ಬಿಚ್ಚಿ, ಈ ತುದಿಯಲ್ಲೊಂದು ಕೋಲು ಆ ತುದಿಯಲ್ಲೊಂದು ಕೋಲು ಕಟ್ಟಿ ಎಳೆದು ಹಿಡಿದಿದ್ದರು. ಎರಡೂ ಕಡೆ ಗಂಡಸರ ಸಾಲು. ಹರಿದ ಎಳೆ ಹೊಸೆಯುವವರು ಕೆಲವರು, ತೆಳು ಗಂಜಿ ಸವರುವವರು ಕೆಲವರು, ಕಡ್ಡಿ ತೂರಿಸಿ ಎಳೆ ಬಿಡಿಸುವವರು ಇನ್ನು ಕೆಲವರು. ಬಿಸಿಲು ಕಾಯುವುದರೊಳಗೆ, ಗಾಳಿ ಏಳುವುದರೊಳಗೆ ಮುಗಿಸಿ ಸುತ್ತಿಡಬೇಕು. ತುದಿ ಹಿಡಿದವನು ಕೈ ಸಡಿಲಬಿಟ್ಟರೆ ಹಸಿ ಗಂಜಿಯ ಎಳೆಗಳು ಒಂದಕ್ಕೊಂದು ಅಂಟಿ ಸಿಕ್ಕಾಗುತ್ತವೆ. ಆಮೇಲೆ ಆ ಹಾಸು ಯಾವ ಮಗ್ಗಕ್ಕೂ ಆಗುವುದಿಲ್ಲ.

ಇವತ್ತು ಪುಟ್ಟಮಾದಪ್ಪನ ಮನೆಯ ಹಾಸಂತೆ. ಆದರೆ ನಿಂತವರಲ್ಲಿ ಅವನ ಮನೆಯವರು ಇಬ್ಬರೇ. ಮಿಕ್ಕವರೆಲ್ಲ ಅಕ್ಕಪಕ್ಕದವರು, ನಮ್ಮ ಗುರುಸ್ವಾಮಿಯೂ ಇದ್ದ. ಕೂಲಿಯಿಲ್ಲ. ಇವತ್ತು ಅವನದು, ನಾಳೆ ಇವನದು.

"ಅತ್ತು ಜನದ್ ಉಲ್ಲುಕಡ್ಡಿ ಒಬ್ಬುನ್ ತಲೆವೊರೆ ಕಣವ್ವ" ಎಂದು ವಿಜಯಮ್ಮ ಬಾಗಿಲಿಗೆ ನೀರು ಚಿಮುಕಿಸುತ್ತಾ ಅಂದರು.

ಇದು ನನಗೆ ಗೊತ್ತಿಲ್ಲದ್ದೇ? ಹೊನ್ನೂರಿನಲ್ಲಿ ನಾಟಿಯ ಕಾಲಕ್ಕೆ ಇದನ್ನೇ ಮುಯ್ಯಾಳು ಅನ್ನುತ್ತೇವೆ. ನಾನು ಎಂಟು ವರ್ಷದವಳಿದ್ದಾಗಲೇ ಮುಯ್ಯಿಗೆ ಬಂದವರಿಗೆ ಮಜ್ಜಿಗೆ ಹೊತ್ತಿದ್ದೇನೆ. ಗದ್ದೆಯಲ್ಲಿ ಕಂಡದ್ದು ಬೀದಿಯಲ್ಲಿ ಕಾಣಲಿಲ್ಲ, ಯಾಕೆಂದರೆ ನಾನು ಬರುತ್ತಿದ್ದುದೇ ಪಾಠ ಮುಗಿಸಿ, ಬಿಸಿಲೇರಿದ ಮೇಲೆ. ಜಗಲಿಯ ಮೇಲೆ ಕೂತಿದ್ದವರು ಕೆಲಸವಿಲ್ಲದವರಲ್ಲ, ಒಂದು ಕೆಲಸ ಮುಗಿಸಿ ಬೆನ್ನು ಊರಿದವರು.

ಮನೆಗೊಬ್ಬನನ್ನು ಎತ್ತಿದರೆ ಯಾವ ಮನೆಯ ಮಗ್ಗವೂ ನಿಲ್ಲುವುದಿಲ್ಲ. ಆದರೆ ಬೀದಿಯಲ್ಲಿ ಹಾಸು ನಿಲ್ಲುತ್ತದೆ, ಆಮೇಲೆ ಎಲ್ಲ ಮನೆಯ ಮಗ್ಗವೂ ನಿಲ್ಲುತ್ತದೆ. ಮತ್ತೆ ಎಲ್ಲ ಮನೆಗೂ ಹೋಗಬೇಕು. ಯಾರಿಗೆ ಬೇಕಾಗಿತ್ತು ಇದು.

೨೬ ಫೆಬ್ರವರಿ

ಗುರುಸ್ವಾಮಿ ನನ್ನ ಮಾತಿಗೆ ತಲೆದೂಗುತ್ತಾನೆ ಅಂದುಕೊಂಡಿದ್ದೆ. "ನೀವೆಲ್ಲ ಕಾರ್ಖಾನೆಗೆ ಹೋದರೆ ಬೀದಿಯ ಹಾಸು ನಿಂತುಹೋಗುವುದಿಲ್ಲವೆ?" ಎಂದೆ.

"ನಿಂತೋಯ್ತದೆ" ಅಂದ, ಏನೂ ಆಗಿಲ್ಲದವನಂತೆ.

"ಮತ್ತೆ?"

"ಮೇಡಮ್ಮೋರೆ, ಬುದ್ದಿ ಬಂದಾಗ್ನಿಂದ ಈ ಬೀದೀಲಿ ಒಂದ್ ತುದಿ ಇಡ್ಕಂಡೇ ನಿಂತಿವ್ನಿ. ಮಗ್ಗ ಅಣ್ಣುಂದು, ಮನೆ ಅಣ್ಣುಂದು. ಒಂದ್ ಬೀಡಿ ಬೇಕಂದ್ರೂ ಅತ್ಗೆ ಮಕ ನೋಡ್ಬೇಕು. ಎಣ್ಣು ಕೇಳಕ್ ಓದ್ರೆ ಗಂಡೇನ್ ಮಾಡ್ತನೆ ಅಂತಾರೆ. ಆಸು ಇಡ್ಕತನೆ ಅಂತ ಯೋಳಕ್ಕಾಯ್ತದಾ?"

ಇವನ ಮಟ್ಟಿಗೆ ಪ್ರೊಫೆಸರರೇ ಸರಿ. ಬೀದಿಯ ಮಟ್ಟಿಗೆ ತಪ್ಪು. ನೂಲು ಬಾರದೆ ಮಗ್ಗ ನಿಂತ ದಿನ ಮಂಟೇಸ್ವಾಮಿ ಸರಿ. ವಿಜಯಮ್ಮನ ಮಟ್ಟಿಗೆ ಇನ್ನೂ ಯಾರೂ ಸರಿಯಿಲ್ಲ, ಆಕೆಯ ರಾಟೆ ಒಂದು ದಿನ ನಿಂತರೆ ಲಾಳಿಗೆ ಕಂಡಿಕೆಯಿಲ್ಲ. ಒಬ್ಬೊಬ್ಬರು ಹಾಕಿಕೊಟ್ಟ ಕನ್ನಡಕದಲ್ಲಿ ಒಬ್ಬೊಬ್ಬರೇ ಕಾಣುತ್ತಾರೆ. ನಾಲ್ಕು ಅಧ್ಯಾಯ ಬರೆಯಬೇಕು. ನೆನೆಸಿಕೊಂಡರೇ ಸುಸ್ತಾಗುತ್ತದೆ.

೧೨ ಮಾರ್ಚ್

ಮೈಸೂರಿಗೆ ಹೋಗಿದ್ದೆ. ಪ್ರೊಫೆಸರರು ಕಾಫಿ ತರಿಸಿದರು. ನಾಲ್ಕೂ ಅಧ್ಯಾಯ ಓದಿ ಕನ್ನಡಕ ತೆಗೆದಿಟ್ಟರು.

"ಶಿವರತ್ನ, ಇದು ವರದಿಯೋ ಪಂಚಾಯ್ತಿ ಕಟ್ಟೆಯೋ? ಒಬ್ಬೊಬ್ಬರು ಒಂದೊಂದು ಮಾತಾಡ್ತಿದ್ದಾರೆ."

"ನಾಲ್ಕೂ ಅಲ್ಲಿ ನಿಜ ಸರ್."

"ಇರಬಹುದಮ್ಮ. ವರದಿ ಕೇಳಿರೋರು ಒಂದು ಉತ್ತರ ಕೇಳಿದ್ದಾರೆ. ನಾಲ್ಕು ಕೊಟ್ಟರೆ ಒಂದನ್ನೂ ಓದಲ್ಲ. ಕಾರ್ಖಾನೆಯನ್ನೇ ಬೇರೆ ಊರಿಗೆ ಒಯ್ತಾರೆ. ಆಗ ನಿನ್ನ ಗುರುಸ್ವಾಮಿಗೆ ಏನು ಹೇಳ್ತೀಯ? ನಾನೂ ಪ್ರಾಯದಲ್ಲಿ ಎರಡು ಉತ್ತರ ಕೊಟ್ಟಿದ್ದೆ. ಆ ವರದಿ ಇವತ್ತಿಗೂ ಅಗೋ, ಆ ಬೀರುವಿನಲ್ಲಿದೆ." ಸಿಟ್ಟಿನಿಂದ ಹೇಳಲಿಲ್ಲ, ಅವರ ದನಿಯಲ್ಲೂ ದಣಿವಿತ್ತು. ಆಮೇಲೆ ಮೆಲ್ಲಗೆ ಅಂದರು, "ಆಗಸ್ಟಿನಲ್ಲಿ ಸಂದರ್ಶನ. ಸಮಿತಿಯವರು ಈ ವರದಿಯ ಮೇಲೇ ಕೇಳ್ತಾರೆ."

ಕೆಟ್ಟವರಾಗಿದ್ದರೆ ಎದ್ದು ಬರುತ್ತಿದ್ದೆ. ವಾಪಸು ಬರುವ ಬಸ್ಸಿನಲ್ಲಿ ನಿದ್ದೆ ಹತ್ತಿತು, ನರಸೀಪುರ ದಾಟಿದ್ದೇ ಗೊತ್ತಾಗಲಿಲ್ಲ.

೩೦ ಮಾರ್ಚ್

ಮೂರು ಅಧ್ಯಾಯ ತೆಗೆದೆ. ಉಳಿದದ್ದು, ಹೆಚ್ಚುವರಿ ಕೈಗಳದ್ದು, ಅಚ್ಚುಕಟ್ಟಾಗಿದೆ. ಕಳಿಸಿದೆ.

೪ ಏಪ್ರಿಲ್

ಕಾಲೇಜಿನಿಂದ ಎಂದಿನಂತೆ ತೆಗೆದರು. ಅಣ್ಣ ಸದಾಶಿವಪ್ಪ ಹೊನ್ನೂರಿನಿಂದ ಗಾಡಿ ಕಟ್ಟಿಕೊಂಡು ಕರೆಯಲು ಬಂದಿದ್ದ. "ಸಾಕು ಬಾರವ್ವ, ಎಷ್ಟ್ ದಿನ ಅಂತ ಕಂಡೋರ್ ಮನೇಲಿ?" ಅಂದ. ಸಂದರ್ಶನಕ್ಕೆ ಓದಬೇಕು, ಇಲ್ಲೇ ಇರುತ್ತೇನೆ ಎಂದೆ. ಅವನಿಗೆ ನೋವಾಯಿತು. ಗಾಡಿಯಲ್ಲಿ ಎರಡು ತೆಂಗಿನಕಾಯಿ ಮೂಟೆ ತಂದಿದ್ದ, ಇಳಿಸಿ ಹೋದ.

ಓದಲು ಕೂತರೆ ಕಣ್ಣು ಮುಚ್ಚುತ್ತದೆ. ಹೊತ್ತು ಹೋಗಲಿ ಎಂದು ವಿಜಯಮ್ಮನ ರಾಟೆ ಮುಂದೆ ಕೂತು ಕಂಡಿಕೆ ಸುತ್ತಿದೆ. "ಸುತ್ತು ಸಡ್ಲ ಅದೆ, ಬಿಗೀಬೇಕು ಕಣ್ ರತ್ನಮ್ಮ" ಎಂದು ಬಿಚ್ಚಿಸಿ ಮತ್ತೆ ಸುತ್ತಿಸಿದರು. ರಾತ್ರಿ ಹುರುಳಿಕಾಳು ಸಾರು, ಮುದ್ದೆ. ಎರಡು ಮುದ್ದೆ ತಿಂದೆ.

೨೪ ಜೂನ್

ಕಾರ್ಖಾನೆ ಶುರುವಾಗಿ ಎರಡು ವಾರ. ಬೆಳಗಾಗುತ್ತಲೇ ಸೈರನ್ನು, ಜಗಲಿಯ ಮೇಲೆ ಕೂರುತ್ತಿದ್ದವರೆಲ್ಲ ಬುತ್ತಿ ಹಿಡಿದು ಓಡುತ್ತಾರೆ. ಗುರುಸ್ವಾಮಿ ಖಾಕಿ ಅಂಗಿ ಹಾಕಿಕೊಂಡು ನೆಟ್ಟಗೆ ನಡೆಯುತ್ತಾನೆ. ಯಳಂದೂರು ಕಡೆಯಿಂದ ಹೆಣ್ಣಿನವರು ತಾವೇ ಕೇಳಿಕೊಂಡು ಬಂದಿದ್ದರು. ಅವನ ಮುಖ ನೋಡಿದರೆ ವರದಿ ಬರೆದದ್ದು ಸಾರ್ಥಕ ಅನ್ನಿಸುತ್ತದೆ.

ದೇವಣ್ಣನವರ ಮಗ್ಗ ನಿಂತಿದೆ. ಹಾಸು ಮೂಲೆಯಲ್ಲಿ ಸುತ್ತಿಟ್ಟ ಹಾಗೇ ಇದೆ, ಬೀದಿಯಲ್ಲಿ ಹಿಡಿಯುವವರಿಲ್ಲ. ಅವರು ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

೧೦ ಜುಲೈ

ಇವತ್ತು ವಿಜಯಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದರು. ಈ ಬೀದಿಯಲ್ಲಿ ಹೆಂಗಸರು ಹಾಸು ಹಿಡಿದದ್ದಿಲ್ಲವಂತೆ. ಮುದುಕರು ಗೊಣಗಿದರು. "ಅಂಗಾರೆ ನೀವೇ ಬಂದು ಇಡ್ಕಳಿ" ಅಂದರು ವಿಜಯಮ್ಮ. ಪಕ್ಕದ ಮನೆಯ ಚನ್ನಾಜಮ್ಮ ಬಂದಳು, ಇನ್ನಿಬ್ಬರು ಬಂದರು. ಒಬ್ಬರು ಕಡಮೆ ಬಿದ್ದರು ಎಂದು ನಾನೂ ಕಡ್ಡಿ ಹಿಡಿದೆ. ಒಂದು ಸೀರೆಯಷ್ಟು ಉದ್ದ ಸಿಕ್ಕಾಯಿತು, ಮಿಕ್ಕದ್ದು ಉಳಿಯಿತು. ರಟ್ಟೆ ಎತ್ತಲಾಗುತ್ತಿಲ್ಲ. ಅಕ್ಷರ ಸೊಟ್ಟ.

೨೭ ಜುಲೈ

ಸಂದರ್ಶನದ ಕಾಗದ ಬಂತು. ಆಗಸ್ಟ್ ಎಂಟು, ಬೆಳಿಗ್ಗೆ ಹತ್ತಕ್ಕೆ, ಮೈಸೂರು. ಮೊದಲ ಬಸ್ಸು ಹಿಡಿದರೆ ಮಾತ್ರ ಮುಟ್ಟಬಹುದು.

ಗುರುಸ್ವಾಮಿ ಯಾರಿಗೂ ಹೇಳದೆ ರಾತ್ರಿ ಪಾಳಿಗೆ ಬದಲಾಯಿಸಿಕೊಂಡಿದ್ದಾನೆ. ಬೆಳಗಿನ ಜಾವ ಕೆಲಸ ಬಿಟ್ಟವನು ನೇರ ಬೀದಿಗೆ ಬಂದು ಹಾಸಿನ ತುದಿ ಹಿಡಿದ. ದೇವಣ್ಣನವರಿಗೆ ರೇಗಿತು.

"ನಿನ್ನ ಬಾ ಅಂತ ನಾನ್ ಕೇಳ್ನಿಲ್ಲ ಕಣ್ಲಾ."

"ನೀನ್ ಕೇಳ್ನಿಲ್ಲ ಅಂತ್ಲೇ ಬಂದೆ."

ದೇವಣ್ಣನವರು ಆ ತುದಿಗೆ ಹೋಗಿ ಕೋಲು ಹಿಡಿದರು. ಹಾಸು ಚೆನ್ನಾಗಿ ಬಂತು. ಇನ್ನೂ ಇಬ್ಬರು ಗುರುಸ್ವಾಮಿಯನ್ನು ನೋಡಿ ರಾತ್ರಿ ಪಾಳಿ ಕೇಳಿದ್ದಾರಂತೆ.

೭ ಆಗಸ್ಟ್

ಪ್ರೊಫೆಸರರು ಎರಡು ಸಾಲು ಬರೆದಿದ್ದಾರೆ: "ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಒಂದೇ ಉತ್ತರ." ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದೇನೆ. ಹೇಳಬೇಕಾದದ್ದು ಬಾಯಿಪಾಠವಾಗಿದೆ. ನಾಳೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ದೇವರೇ.

೮ ಆಗಸ್ಟ್

ನಸುಕಿನಲ್ಲಿ ಸ್ನಾನ ಮಾಡಿ, ಚೀಲ ಹಿಡಿದು ಹೊರಟೆ. ಬೀದಿಯಲ್ಲಿ ದೇವಣ್ಣನ ಹಾಸು ಬಿಚ್ಚಿದ್ದರು. ಗೌರಿಹಬ್ಬಕ್ಕೆ ಕೊಡಬೇಕಾದ ಸೀರೆಗಳು, ಆಗಲೇ ತಡವಾಗಿದೆ, ಈ ಹಾಸೂ ಹಾಳಾದರೆ ಸಾವ್ಕಾರ ಮತ್ತೆ ನೂಲು ಕೊಡುವುದಿಲ್ಲ. ಆ ತುದಿಯಲ್ಲಿ ದೇವಣ್ಣ, ಈ ತುದಿಯಲ್ಲಿ ಗುರುಸ್ವಾಮಿ, ನಡುವೆ ವಿಜಯಮ್ಮ, ಚನ್ನಾಜಮ್ಮ, ಎಲ್ಲರ ಕೈಯೂ ಗಂಜಿಯಲ್ಲಿ. ಹೋಗಿಬರುತ್ತೇನೆ ಎಂದು ಹೇಳಲು ಗುರುಸ್ವಾಮಿಯ ಹತ್ತಿರ ಹೋದೆ. ಅವನು ನಿಂತಲ್ಲೇ ಕಣ್ಣು ಮುಚ್ಚಿದ್ದ. ಮಾತಾಡಿಸಿದರೆ ಹೂಂ ಅನ್ನಲಿಲ್ಲ. ಮೊಣಕಾಲು ಮಡಿಯಿತು, ಕೋಲು ವಾಲಿತು.

ಚೀಲ ಎಲ್ಲಿ ಬಿತ್ತೋ. ಕೋಲಿನ ಎರಡೂ ಕಡೆ ಹಿಡಿದು ಹಿಂದಕ್ಕೆ ಜಗ್ಗಿ ನಿಂತೆ. ಅವನು ಜಾರಿ ಜಗಲಿಗೆ ಒರಗಿದ, ಬಿದ್ದಲ್ಲೇ ನಿದ್ದೆ. ಯಾರಾದರೂ ಬಂದು ಹಿಡಿಯಲಿ ಎಂದು ನೋಡಿದೆ. ಎಳೆ ಹಸಿಯಾಗಿದ್ದವು, ಕೈ ತೆಗೆಯುವ ಹಾಗೆ ಯಾರೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸು ಹಾರನ್ ಹೊಡೆಯಿತು.

"ರತ್ನಮ್ಮಾ, ಬಸ್ಸು! ಬುಟ್ಬುಟ್ ಓಗವ್ವ!" ದೇವಣ್ಣ ಆ ತುದಿಯಿಂದ ಕೂಗಿದರು.

"ಬುಟ್ರೆ ಸಿಕ್ಕಾಯ್ತದೆ!"

"ಆಗ್ಲಿ ಕಣವ್ವ, ನಿನ್ ಕೆಲ್ಸ ದೊಡ್ದು, ಓಗು!"

ಬಸ್ಸು ಇನ್ನೊಂದು ಸಲ ಹಾರನ್ ಹೊಡೆಯಿತು.

"ಓಗ್ಲಿ ಬುಡಣ್ಣ, ನೀನ್ ಆ ತುದಿ ಬಿಗಿಯಾಗ್ ಇಡ್ಕ!" ಎಂದು ಕಿರುಚಿದೆ. ಸಿಟ್ಟು ಬಂದಿತ್ತು, ಯಾರ ಮೇಲೋ ಗೊತ್ತಿಲ್ಲ.

ಬಸ್ಸು ಹೋಯಿತು. ಗಂಜಿ ಒಣಗಿ, ಹಾಸು ಸುತ್ತಿ ಮುಗಿಯುವವರೆಗೂ ನಿಂತಿದ್ದೆ. ಒಂದು ಎಳೆಯೂ ಹಾಳಾಗಲಿಲ್ಲ. ಇಸ್ತ್ರಿ ಸೀರೆಯ ತುಂಬ ಗಂಜಿ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮೈಸೂರಿನಲ್ಲಿ ನನ್ನ ಹೆಸರು ಕೂಗಿ ಮುಂದಿನವರನ್ನು ಕರೆದಿರುತ್ತಾರೆ. ಆರು ವರ್ಷ ಕಾದದ್ದು, ಒಂದು ಬಸ್ಸಿನಲ್ಲಿ ಹೋಯಿತು. ವಿಜಯಮ್ಮ ಬಾಗಿಲು ತಟ್ಟಲಿಲ್ಲ, ಹೊಸ್ತಿಲಲ್ಲಿ ಊಟ ಮುಚ್ಚಿಟ್ಟು ಹೋಗಿದ್ದರು.

ಪ್ರೊಫೆಸರರಿಗೆ ಬಸ್ಸು ತಪ್ಪಿತು ಎಂದು ಬರೆದೆ. ಅದೂ ನಿಜ.

ಸಂಜೆ ಗುರುಸ್ವಾಮಿ ಪಾಳಿಗೆ ಹೊರಟವನು ನನ್ನ ಬಾಗಿಲ ಮುಂದೆ ನಿಂತ. ಖಾಕಿ ಅಂಗಿಯ ಗುಂಡಿ ಹಾಕುತ್ತಾ ಹಾಕುತ್ತಾ ನಿಲ್ಲಿಸಿದ. ಬೆಳಗಿನದು ಅ‌ವನಿಗೆ ಏನೂ ನೆನಪಿಲ್ಲ, ಯಾರೂ ಹೇಳಿಯೂ ಇಲ್ಲ.

"ಮೇಡಮ್ಮೋರೆ, ನಿಜ ಯೋಳಿ. ಬೆಳಗ್ಗೆ ನಾನು ಬುಟ್ಬುಟ್ನಾ?"

"ಇಲ್ಲ ಕಣ್ ಗುರುಸ್ವಾಮಣ್ಣ" ಅಂದೆ. "ಆಸು ಮುಗಿಯಗಂಟ ನೀನೇ ಇಡ್ಕಂಡಿದ್ದೆ. ಆಮೇಲೆ ಮನಿಕಂಡೆ."

ಅವನು ಗುಂಡಿ ಹಾಕಿಕೊಂಡು ಹೊರಟ.